ಪಂಡೋರಾಳ ಬಳಿ ಪೆಟ್ಟಿಗೆ ಇರಲಿಲ್ಲ

ಹಗರಣವೊಂದು ಬಯಲಾದರೆ 'ಪಂಡೋರಾ ಪೆಟ್ಟಿಗೆ ತೆರೆಯಿತು' ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ದೇವತೆಗಳು ಸೃಷ್ಟಿಸಿದ ಮೊದಲ ಹೆಣ್ಣು ಪಂಡೋರಾ ಮುಚ್ಚಳ ತೆಗೆದು ಕೇಡುಗಳನ್ನೆಲ್ಲ ಲೋಕಕ್ಕೆ ಬಿಟ್ಟ ಈ ಕಥೆಯನ್ನು ಕ್ರಿ.ಪೂ. 700ರ ಸುಮಾರಿನಲ್ಲಿ ಹಾಡಿದ ಗ್ರೀಕ್ ಕವಿ ಹೆಸಿಯೋಡ್ ಹೇಳಿದ್ದು ಪೆಟ್ಟಿಗೆಯನ್ನಲ್ಲ, 'ಪಿಥೋಸ್' ಅನ್ನು. ಎಂದರೆ ಎಣ್ಣೆ, ದ್ರಾಕ್ಷಾರಸ, ಧಾನ್ಯ ತುಂಬಿಡುವ ಮಣ್ಣಿನ ಗುಡಾಣವನ್ನು. ಕೇಡುಗಳೆಲ್ಲ ಹಾರಿಹೋದ ಮೇಲೆ ಭರವಸೆಯೊಂದೇ ಅದರ 'ತುಟಿಗಳ' ಕೆಳಗೆ ಉಳಿಯಿತಂತೆ. ಪೆಟ್ಟಿಗೆಗೆ ತುಟಿ ಎಲ್ಲಿಯದು?

ತಪ್ಪು ನಡೆದದ್ದು ಹದಿನಾರನೆಯ ಶತಮಾನದ ಆರಂಭದಲ್ಲಿ. ವಿದ್ವಾಂಸ ಎರಾಸ್ಮಸ್ ಈ ಕಥೆಯನ್ನು ಲ್ಯಾಟಿನ್ನಿನಲ್ಲಿ ಹೇಳುವಾಗ 'ಪಿಕ್ಸಿಸ್' ಎಂದು, ಅಂದರೆ ಕರಡಿಗೆ ಎಂದು ಬರೆದ. ಯುರೋಪು ಅದನ್ನೇ ನಂಬಿತು.

ಓದುಬಲ್ಲವರು ಕಳೆದುಕೊಂಡದ್ದನ್ನು ಗ್ರೀಸಿನ ಮನೆಮಾತು ಕಾಪಾಡಿತು. ಪಿಥೋಸ್‌ಗೆ 'ಪಿಥಾರಿಯೋನ್' ಎಂಬ ಕಿರುರೂಪವಿತ್ತು. ಅದರ ಕೊನೆ ಸವೆದು 'ಪಿಥಾರಿ' ಆಯಿತು. 'ಪುಟ್ಟ ಗುಡಾಣ' ಎಂಬ ಅರ್ಥದಿಂದ ಹೊರಟ ಪದ ಆಳೆತ್ತರದ ಪಾತ್ರೆಗೂ ಹೆಸರಾದುದು ನನಗೆ ಬಲು ಇಷ್ಟ. ತುರ್ಕಿಯಿಂದ ಬಂದ 'ಕ್ಯೂಪಿ' ಜೊತೆಗೆ ಸೇರಿಕೊಂಡರೂ ಹಳೆಯ ಪದ ಅಳಿಯಲಿಲ್ಲ.

ಕ್ರೀಟ್ ದ್ವೀಪದಲ್ಲಿ ಪದದಂತೆ ಪಾತ್ರೆಯೂ ಉಳಿದಿದೆ. 1878ರಲ್ಲಿ ಅಲ್ಲಿನ ವ್ಯಾಪಾರಿ ಮಿನೋಸ್ ಕಾಲೊಕೈರಿನೋಸ್ ಪ್ರಾಚೀನ ನಗರ ಕ್ನಾಸೋಸ್‌ನಲ್ಲಿ ಅಗೆದಾಗ, ಅರಮನೆಯ ಉಗ್ರಾಣದಲ್ಲಿ ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಗುಡಾಣಗಳು ಸಾಲಾಗಿ ನಿಂತಿದ್ದವು. ಅಲ್ಲಿಂದ ಹೆಚ್ಚು ದೂರವಿಲ್ಲದ ಥ್ರಪ್ಸಾನೋ ಊರಿನ ಕುಂಬಾರರು ಇಪ್ಪತ್ತನೆಯ ಶತಮಾನದಲ್ಲೂ ಬೇಸಿಗೆ ಬಂದೊಡನೆ ತಂಡ ಕಟ್ಟಿಕೊಂಡು ಹೊರಡುತ್ತಿದ್ದರು. ಅಷ್ಟು ಭಾರದ ಪಾತ್ರೆಯನ್ನು ಗುಡ್ಡದಾಚೆಗೆ ಹೊತ್ತೊಯ್ಯುವುದಕ್ಕಿಂತ ಮಣ್ಣು, ನೀರು, ಸೌದೆ ಸಿಕ್ಕಲ್ಲೇ ಮಾಡುವುದು ಸುಲಭ. ಮೇಸ್ತ್ರಿ, ಅವನ ಕೈಕೆಳಗಿನವನು, ತಿಗರಿ ತಿರುಗಿಸುವವನು, ಮಣ್ಣು ಹದಮಾಡುವವನು, ಆವಿಗೆ ನೋಡಿಕೊಳ್ಳುವವನು, ಹೊರೆ ಹೊರುವವನು: ಒಬ್ಬೊಬ್ಬನಿಗೆ ಒಂದೊಂದು ಕೆಲಸ. ಗುಂಡಿಯಲ್ಲಿ ಸಾಲಾಗಿ ನೆಟ್ಟ ತಿಗರಿಗಳ ಮೇಲೆ ಗುಡಾಣಗಳು ಒಟ್ಟಿಗೇ ಏಳುತ್ತಿದ್ದವು. ಒಂದಕ್ಕೆ ಮಣ್ಣಿನ ಸುತ್ತು ಏರಿಸಿ, ಅದು ಒಣಗಿ ಬಿಗಿಯಾಗುವಷ್ಟರಲ್ಲಿ ಮುಂದಿನದಕ್ಕೆ ಹೋಗಿ, ಮತ್ತೆ ಮೊದಲಿನದಕ್ಕೆ ಮರಳಬೇಕು. ಅವಸರಪಟ್ಟರೆ ಹಸಿಗೋಡೆ ತನ್ನ ಭಾರಕ್ಕೇ ಕುಸಿಯುತ್ತದೆ. ಈ ತಿರುಗಾಟದ ಹೆಸರು 'ವೆಂಡೇಮಾ'. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕ್ರೀಟನ್ನು ಆಳಿದ ವೆನಿಸಿನವರು ದ್ರಾಕ್ಷಿ ಕೊಯ್ಲಿಗೆ ಬಳಸುತ್ತಿದ್ದ ಮಾತು ಅದು.

ಎಣ್ಣೆ ತಗಡಿನ ಡಬ್ಬಕ್ಕೂ ಪ್ಲಾಸ್ಟಿಕ್ಕಿಗೂ ಇಳಿದ ಮೇಲೆ ವೆಂಡೇಮಾ ನಿಂತಿತು. ಥ್ರಪ್ಸಾನೋದ ಆವಿಗೆಗಳು ಆರಿಲ್ಲ. ಅಲ್ಲಿ ಬೇಯುವ ಪಿಥಾರಿಗಳಲ್ಲಿ ಬಹುಪಾಲು ಈಗ ಅಂಗಳ, ತೋಟಗಳ ಅಂದಕ್ಕೆ ಹೋಗುತ್ತವೆ.