ಅಷ್ಟು ಒಳ್ಳೇ ಡಿಟೆಕ್ಟರ್ ಆದ್ರೆ ಯಾಕೆ ಮಾರ್ತಿದಾರೆ?

ಬೆಂಗಳೂರಿನ ಎಸ್‌ಪಿ ರೋಡಿನ ಸುತ್ತಮುತ್ತ ಎಲೆಕ್ಟ್ರಾನಿಕ್ ಉಪಕರಣ ರಿಪೇರಿ ಮಾಡುವ ನನ್ನಂಥವರನ್ನು ಜನ ಪದೇ ಪದೇ ಕೇಳುವ ಪ್ರಶ್ನೆ ಇದು. ಮೊಬೈಲ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಸೆಕೆಂಡ್ ಹ್ಯಾಂಡ್ ಮಾರಾಟಕ್ಕಿಟ್ಟ ಮೆಟಲ್ ಡಿಟೆಕ್ಟರ್‌ನ, ಅಂದರೆ ನೆಲದೊಳಗಿನ ಲೋಹ ಹುಡುಕುವ ಯಂತ್ರದ ಫೋಟೋ. ಹೆಸರಿರುವ ಕಂಪನಿ, ಎಲ್ಲರೂ ಹೊಗಳುವ ಮಾಡೆಲ್, ಮೈಮೇಲೆ ಒಂದು ಗೀರೂ ಇಲ್ಲ. "ಏನೋ ಪ್ರಾಬ್ಲಂ ಇರ್ಬೇಕು ಅಲ್ವಾ ಸಾರ್? ಇಲ್ದಿದ್ರೆ ಯಾರು ಮಾರ್ತಾರೆ?"

ಹೆಚ್ಚಿನ ಸಲ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕಿದರೆ ಸ್ಪ್ಲೆಂಡರ್ ಸಾಲುಸಾಲಾಗಿ ಕಾಣುತ್ತದೆ. ಅದು ಕೆಟ್ಟ ಬೈಕು ಅಂತ ಅರ್ಥವಲ್ಲ, ರಸ್ತೆಯಲ್ಲಿ ಅದೇ ಜಾಸ್ತಿ ಇದೆ ಅಂತ ಅರ್ಥ. ಡಿಟೆಕ್ಟರ್ ಕಥೆಯೂ ಅಷ್ಟೇ. ಗ್ಯಾರೆಟ್ ಏಸ್ 250, ಎಟಿ ಪ್ರೋ, ಮೈನ್‌ಲ್ಯಾಬ್ ಈಕ್ವಿನಾಕ್ಸ್ 800, ಇವೆಲ್ಲ ಪ್ರಪಂಚದಾದ್ಯಂತ ಚೆನ್ನಾಗಿ ಮಾರಾಟವಾದ ಯಂತ್ರಗಳು. ಹೊಸದಾಗಿ ಹೆಚ್ಚು ಹೋದದ್ದೇ ಹಳೆಯದಾಗಿ ಹೆಚ್ಚು ವಾಪಸ್ ಬರುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಯಾರೂ ಯೋಚಿಸುವುದಿಲ್ಲ. ಹೆಸರಿಲ್ಲದ ಕಂಪನಿಯ ಅಗ್ಗದ ಡಿಟೆಕ್ಟರ್ ತಗೊಂಡವರು ಅದನ್ನು ಮಾರಾಟಕ್ಕೇ ಇಡುವುದಿಲ್ಲ. ಇಟ್ಟರೂ ಕೇಳುವವರಿಲ್ಲ. ಅದು ಅಟ್ಟಕ್ಕೆ ಹೋಗುತ್ತದೆ. ಹಾಗಾಗಿ ಜಾಹೀರಾತುಗಳಲ್ಲಿ ಒಳ್ಳೇ ಮಾಡೆಲ್‌ಗಳೇ ತುಂಬಿರುತ್ತವೆ. ನಿಜವಾಗಿ ದಂಡವಾದ ಯಂತ್ರಗಳು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಹೊಸ ಮಾಡೆಲ್ ಬಂದಾಗಲೂ ಹೀಗಾಗುತ್ತದೆ. ಈಕ್ವಿನಾಕ್ಸ್ 800 ಮಾರುಕಟ್ಟೆಗೆ ಬಂದದ್ದು 2018ರಲ್ಲಿ. 2022ರ ಕೊನೆಗೆ 900 ಬಂತು. ಹವ್ಯಾಸ ಗಟ್ಟಿಯಾಗಿರುವವರು ಹಳೆಯದನ್ನು ಕೊಟ್ಟು ಹೊಸದಕ್ಕೆ ಹೋದರು. ಇಂಥವರ ಯಂತ್ರ ಸಿಕ್ಕರೆ ಅದೃಷ್ಟ. ಚೆನ್ನಾಗಿ ಬಳಸಿರುತ್ತಾರೆ, ಅಷ್ಟೇ ಚೆನ್ನಾಗಿ ಇಟ್ಟುಕೊಂಡಿರುತ್ತಾರೆ.

ಆದರೆ ಬೆಂಗಳೂರಲ್ಲಿ ಮಾರಾಟಕ್ಕೆ ಬರುವ ಯಂತ್ರಗಳಲ್ಲಿ ಬಹುಪಾಲು ಈ ಜಾತಿಯವಲ್ಲ. ಹೆಚ್ಚು ಬಳಸಿಯೇ ಇಲ್ಲದ, ಕಾಯಿಲ್ (ಕೋಲಿನ ತುದಿಯಲ್ಲಿರುವ, ಒಳಗೆ ತಂತಿ ಸುತ್ತಿದ ತಟ್ಟೆ) ಅಡಿಯಲ್ಲಿ ಮಣ್ಣೂ ಮೆತ್ತದ ಯಂತ್ರಗಳು. ಒಂದೆರಡು ಭಾನುವಾರ ಹೊರಗೆ ತೆಗೆದು, ಬೇಜಾರಾಗಿ ಬಾಕ್ಸಿಗೆ ವಾಪಸ್ ಹಾಕಿದವು. ಯಾಕೆ ಬೇಜಾರು? ನಾನು ನೋಡಿದ ಮಟ್ಟಿಗೆ ಮೊದಲ ಕಾರಣ ಆಳ.

ಕೊಳ್ಳುವವರ ತಲೆಯಲ್ಲಿ ಇರುವುದು ಕೊಪ್ಪರಿಗೆ ಹೊನ್ನು. ಅಜ್ಜನ ಹಳೇ ಮನೆ, ಹಿತ್ತಲು, ಹತ್ತಡಿ ಆಳ. ಡಿಟೆಕ್ಟರ್ ಮಾಡುವ ಕೆಲಸವೇ ಬೇರೆ. ಕಾಯಿಲ್‌ನಿಂದ ಹೊರಡುವ ಅಯಸ್ಕಾಂತ ಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಹುಟ್ಟಿಸುತ್ತದೆ. ಆ ಸುಳಿಗಳು ತಮ್ಮದೇ ಒಂದು ಕ್ಷೇತ್ರವನ್ನು ವಾಪಸ್ ಕಳಿಸುತ್ತವೆ. ಯಂತ್ರ ಕೇಳಿಸಿಕೊಳ್ಳುವುದು ಅದನ್ನೇ. ತೊಂದರೆ ಏನೆಂದರೆ, ಕಾಯಿಲ್‌ನಿಂದ ಸ್ವಲ್ಪ ದೂರವಾದ ಮೇಲೆ ದೂರ ಎರಡು ಪಟ್ಟಾದರೆ ಕ್ಷೇತ್ರ 8ನೇ ಒಂದು ಪಾಲಿಗೆ ಇಳಿಯುತ್ತದೆ. ವಾಪಸ್ ಬರುವ ದಾರಿಯಲ್ಲೂ ಇದೇ ಲೆಕ್ಕ. ಎರಡೂ ಸೇರಿದರೆ 64ನೇ ಒಂದು ಪಾಲು. ಐದು ಇಂಚಲ್ಲಿ ಜೋರಾಗಿ ಕೂಗುವ ನಾಣ್ಯ ಹತ್ತು ಇಂಚಿಗೆ ಹೋದರೆ ಪಿಸುಗುಟ್ಟುತ್ತದೆ. ಎಷ್ಟೇ ದುಬಾರಿ ಯಂತ್ರವಾದರೂ ಈ ಲೆಕ್ಕ ಬದಲಾಗುವುದಿಲ್ಲ. ದುಡ್ಡು ಜಾಸ್ತಿ ಕೊಟ್ಟರೆ ಒಂದೆರಡು ಇಂಚು ಜಾಸ್ತಿ ಸಿಗಬಹುದು, ಅಡಿಗಟ್ಟಲೆ ಅಲ್ಲ.

ಆಳಕ್ಕೆಂದೇ ಮಾಡಿದ, ಎರಡು ಡಬ್ಬಗಳನ್ನು ಉದ್ದ ಕೋಲಿನ ಎರಡು ತುದಿಗೆ ಕಟ್ಟಿದಂಥ ಯಂತ್ರಗಳಿವೆ. ಅವು ದೊಡ್ಡ ಪಾತ್ರೆ, ಪೈಪು ಹಿಡಿಯುತ್ತವೆ. ನಾಣ್ಯ, ಉಂಗುರ ಅವಕ್ಕೆ ಕಾಣುವುದೇ ಇಲ್ಲ. ಎರಡನ್ನೂ ಒಂದೇ ಯಂತ್ರ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ಎರಡನೇ ಕಾರಣ ನಮ್ಮ ಕೆಂಪು ಮಣ್ಣು. ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ಇಂಥ ಮಣ್ಣು ತಾನೇ ಡಿಟೆಕ್ಟರ್‌ಗೆ ಸಿಗ್ನಲ್ ಕೊಡುತ್ತದೆ. ಅದನ್ನು ತಳ್ಳಿಹಾಕಲು ಯಂತ್ರದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಅನ್ನುವ ವ್ಯವಸ್ಥೆ ಇರುತ್ತದೆ. ಏಸ್ 250 ಹೊಸಬರಿಗೆ ಒಳ್ಳೇ ಯಂತ್ರ, ಹಗುರ, ಸರಳ, ನಾಲ್ಕು ಪೆನ್‌ಟಾರ್ಚ್ ಸೆಲ್ ಸಾಕು. ಆದರೆ ಅದರ ಗ್ರೌಂಡ್ ಬ್ಯಾಲೆನ್ಸ್ ಫ್ಯಾಕ್ಟರಿಯಲ್ಲೇ ಕೂರಿಸಿರುತ್ತಾರೆ, ನಾವು ತಿರುಗಿಸಲು ಆಗುವುದಿಲ್ಲ. ಕಬ್ಬಿಣ ಜಾಸ್ತಿ ಇರುವ ನೆಲದಲ್ಲಿ ಅದರ ಆಳ ಕಡಿಮೆಯಾಗುತ್ತದೆ, ಸುಳ್ಳು ಸದ್ದು ಹೆಚ್ಚಾಗುತ್ತದೆ. ಎಟಿ ಪ್ರೋದಲ್ಲಿ, ಈಕ್ವಿನಾಕ್ಸ್‌ನಲ್ಲಿ ಮಣ್ಣಿಗೆ ತಕ್ಕ ಹಾಗೆ ಸರಿಮಾಡಿಕೊಳ್ಳಬಹುದು. ಆದರೆ ಮಾಡಬೇಕಲ್ಲ? ಮ್ಯಾನುವಲ್ ಬಾಕ್ಸಿನ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇರುತ್ತದೆ. ಯಂತ್ರ ಚಿರಚಿರ ಅನ್ನುತ್ತಿದೆ, ರಿಪೇರಿ ಮಾಡಿ ಅಂತ ತರುತ್ತಾರೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಸೆನ್ಸಿಟಿವಿಟಿ ಎರಡು ಮನೆ ಇಳಿಸಿ ಕೊಟ್ಟರೆ ಸರಿಹೋಗುತ್ತದೆ. ಇದಕ್ಕೆ ದುಡ್ಡು ತಗೊಳ್ಳಲು ನನಗೇ ಸಂಕೋಚ.

ನನಗೆ ತುಂಬಾ ಇಷ್ಟವಾದ ವಿಷಯ ಮೂರನೆಯದು, ಪರದೆ ಮೇಲೆ ಬರುವ ನಂಬರ್. ಈ ನಂಬರ್ ಲೋಹದ ಹೆಸರು ಹೇಳುತ್ತದೆ ಅಂತ ಜನ ತಿಳಿದುಕೊಂಡಿದ್ದಾರೆ. ಅದು ಹೇಳುವುದು ವಸ್ತು ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಎಷ್ಟು ದೊಡ್ಡದಿದೆ, ಯಾವ ಆಕಾರದ್ದು ಎನ್ನುವುದೆಲ್ಲದರ ಒಟ್ಟು ಪರಿಣಾಮವನ್ನು ಮಾತ್ರ. ಏಸ್ 250ರ ಪರದೆ ಮೇಲೆ ಸೆಂಟ್, ಡಾಲರ್ ಅಂತ ಬರೆದಿದೆ. ಅಮೆರಿಕದ ನಾಣ್ಯಗಳ ಲೆಕ್ಕ ಅದು. ನಮ್ಮ ಈಗಿನ 1 ರೂಪಾಯಿ, 2 ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲ್‌ನವು. ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಕಬ್ಬಿಣವೇ ಇರುವುದು. ಮೊಳೆ ತುಕ್ಕು ಬೇಡ ಅಂತ ಕಬ್ಬಿಣವನ್ನು ತಿರಸ್ಕರಿಸುವ ಮೋಡ್ ಹಾಕಿ, ಮಗಳಿಗೆ ತೋರಿಸಲು ಒಂದು ರೂಪಾಯಿ ನೆಲಕ್ಕೆ ಹಾಕಿದರೆ ಯಂತ್ರ ಸುಮ್ಮನೆ ದಾಟಿಹೋಗಬಹುದು. "ನಾಣ್ಯಾನೇ ಹಿಡೀತಿಲ್ಲ ಸಾರ್, ಡೂಪ್ಲಿಕೇಟ್ ಕೊಟ್ಟಿದಾರೆ." ಡೂಪ್ಲಿಕೇಟ್ ಅಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಹಾಕಿ ನೋಡಿ, ಗಂಟೆ ಹೊಡೆದ ಹಾಗೆ ಕೂಗುತ್ತದೆ.

ಚಿನ್ನದ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಸಣ್ಣ ಉಂಗುರ, ಓಲೆ ಇವುಗಳ ನಂಬರ್ ಬರುವುದು ಅಲ್ಯೂಮಿನಿಯಂ ಫಾಯಿಲ್, ಕೂಲ್‌ಡ್ರಿಂಕ್ ಡಬ್ಬದ ರಿಂಗ್ ಇವುಗಳ ಮಧ್ಯೆಯೇ. ಕಸ ಬೇಡ ಅಂತ ಫಾಯಿಲ್ ತಿರಸ್ಕರಿಸಿದರೆ ಚಿನ್ನವೂ ಅದರ ಜೊತೆ ಹೋಯಿತು. ಚಿನ್ನ ಬೇಕು ಅಂದರೆ ಬಿರಿಯಾನಿ ಪಾರ್ಸಲ್‌ನ ಫಾಯಿಲ್ ಎಲ್ಲ ಅಗೆಯಬೇಕು. ಸರ ಕಳೆದುಕೊಂಡವರ ಪಾಡಂತೂ ಬೇಡ. ಹೊಲದಲ್ಲಿ ಎರಡೆಳೆ ಸರ ಬಿತ್ತು ಅಂತ ಯಂತ್ರ ಕೊಂಡವರಿದ್ದಾರೆ. ಸರ ನಮ್ಮ ಕಣ್ಣಿಗೆ ಒಂದೇ ವಸ್ತು. ಡಿಟೆಕ್ಟರ್‌ಗೆ ಅದು ಬಿಡಿಬಿಡಿ ಕೊಂಡಿಗಳು, ಒಂದೊಂದೂ ಸಾಸಿವೆಯಷ್ಟು ಸಿಗ್ನಲ್. ತಾಳಿ ಬೊಟ್ಟೋ ಗಟ್ಟಿ ಕೊಕ್ಕೆಯೋ ಇದ್ದರೆ ಅದು ಸಿಕ್ಕೀತು, ಅದರ ಹಿಂದೆ ಸರವೂ ಬಂದೀತು. ಸಿಗಲಿ ಬಿಡಲಿ, ಇವರಿಗೆ ಯಂತ್ರದಿಂದ ಇನ್ನೇನೂ ಕೆಲಸವಿಲ್ಲ. ಮುಂದಿನ ತಿಂಗಳು ಅದು ಮಾರಾಟಕ್ಕೆ. ಹೊಚ್ಚಹೊಸದರಂತೆ ಕಾಣುವ ಸೆಕೆಂಡ್ ಹ್ಯಾಂಡ್ ಯಂತ್ರಗಳ ಗುಟ್ಟು ಎಷ್ಟೋ ಸಲ ಇಷ್ಟೇ. ಮಾರುವವರನ್ನು ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಊರಿನ ಕಾರಣಗಳೂ ಇವೆ. ಬೆಂಗಳೂರಿನ ಲೇಔಟ್ ಸೈಟುಗಳಲ್ಲಿ ಮೇಲಿನ ಎರಡಡಿ ಅನ್ನುವುದು ಹೆಚ್ಚಾಗಿ ಕಟ್ಟಡ ಒಡೆದ ಡೆಬ್ರಿಸ್. ಬೈಂಡಿಂಗ್ ವೈರ್, ಮೊಳೆ, ಕಂಬಿ ತುಂಡು, ಬಾಟಲ್ ಮುಚ್ಚಳ. ಒಂದು ಹೆಜ್ಜೆಗೆ ನಾಲ್ಕು ಸಲ ಬೀಪ್. ಮೇಲೆ ಹೈ ಟೆನ್ಷನ್ ಲೈನ್, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್, ಇವು ಯಂತ್ರವನ್ನು ಸುಮ್ಮಸುಮ್ಮನೆ ಕೂಗಿಸುತ್ತವೆ. ಹೊರದೇಶಗಳಲ್ಲಿ ಈ ಹವ್ಯಾಸ ಬೆಳೆದದ್ದು ಸಮುದ್ರದ ದಂಡೆ, ಉತ್ತ ಹೊಲಗಳಲ್ಲಿ. ನಮ್ಮ ರಾಜ್ಯದಲ್ಲಿ ಮರಳು ದಂಡೆ ಅಂದರೆ ಮಲ್ಪೆ, ಪಣಂಬೂರಿನಂಥವು. ಘಾಟಿ ಇಳಿದು ಹೋಗಬೇಕು.

ಕಾನೂನಿನ ಮಾತು ಹೇಳದಿದ್ದರೆ ತಪ್ಪಾಗುತ್ತದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ನಮ್ಮ ರಾಜ್ಯಕ್ಕೆ ತನ್ನದೇ ಆದ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷ ಹಳೆಯ ನಾಣ್ಯ, ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಬೇರೆ. ಹಂಪಿಯಂಥ ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆದರೆ ಕೇಸು ಖಂಡಿತ. ಊರಲ್ಲಿ ಡಿಟೆಕ್ಟರ್ ಹಿಡಿದು ಹಳೇ ಗುಡಿ ಪಕ್ಕ ನಿಂತರೆ ಪೊಲೀಸರಿಗಿಂತ ಮುಂಚೆ ಊರವರೇ ಬರುತ್ತಾರೆ, ಬರಬೇಕಾದ್ದೇ. ನಿಧಿ ಆಸೆಗೆ ಗುಡಿ ನೆಲ ಬಗೆದ ಸುದ್ದಿ ನಾವು ಓದುತ್ತಲೇ ಇರುತ್ತೇವಲ್ಲ. ಕೊಂಡ ಮೇಲೆ ಇದೆಲ್ಲ ತಿಳಿದು ಹೆದರಿ ಮಾರುವವರೂ ಇದ್ದಾರೆ.

ಹಾಗಾದರೆ ಹಳೆಯದನ್ನು ಕೊಳ್ಳಬಹುದೇ? ಧಾರಾಳವಾಗಿ. ಆದರೆ ಮಾರುವವರ ಫ್ಲಾಟಿನ ಹಾಲ್‌ನಲ್ಲಿ ಪರೀಕ್ಷೆ ಮಾಡಬೇಡಿ. ನೆಲದಲ್ಲಿ ಕಂಬಿ ಇದೆ, ಕಾಯಿಲ್ ಕೆಳಗಿಟ್ಟ ತಕ್ಷಣ ಕಿರುಚುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ತಂದು ಮೈಯಲ್ಲಿದ್ದ ಗುಂಡು ಹುಡುಕಿದ್ದರು. ಹಾಸಿಗೆಯೊಳಗಿನ ಸ್ಪ್ರಿಂಗ್‌ಗಳು ಅವರ ಲೆಕ್ಕವನ್ನೇ ಕೆಡಿಸಿದವು. ಹಾಗಾಗಿ ಮಾರುವವರನ್ನು ತೆರೆದ ಮೈದಾನಕ್ಕೆ ಕರೆದುಕೊಂಡು ಹೋಗಿ. ಮೊಬೈಲ್ ದೂರ ಇಡಿ. ವಾಚು, ಬಳೆ, ಉಂಗುರ ತೆಗೆಯಿರಿ. ಕಾಯಿಲನ್ನು ಸೊಂಟದೆತ್ತರಕ್ಕೆ ಹಿಡಿದು ಅದರ ಮುಂದೆ ಹಿತ್ತಾಳೆಯ 5 ರೂಪಾಯಿ ನಾಣ್ಯ ಆಡಿಸಿ. ನಂಬರ್ ಒಂದೇ ಕಡೆ ನಿಲ್ಲಬೇಕು.

ಆಮೇಲೆ ಕೇಬಲ್ ಅಲ್ಲಾಡಿಸಿ, ಮುಖ್ಯವಾಗಿ ಕಾಯಿಲ್ ಹತ್ತಿರ. ಆಗ ಸದ್ದು ಬಂದರೆ ಒಳಗೆ ತಂತಿ ಕಡಿದಿದೆ. ಕಾಯಿಲ್ ಬೇರೆ ಹಾಕಬೇಕಾದರೆ ಖರ್ಚು ಜೋರು, ಕಾಯಿಲೊಳಗೆ ಎಪಾಕ್ಸಿ ತುಂಬಿರುವುದರಿಂದ ನಮ್ಮಂಥವರೂ ಬಿಚ್ಚಿ ಸರಿಮಾಡಲು ಆಗುವುದಿಲ್ಲ. ಕಾಯಿಲನ್ನು ಕೋಲಿಗೆ ಸೇರಿಸುವ ಪ್ಲಾಸ್ಟಿಕ್ ಕಿವಿಗಳು ಬಿರುಕು ಬಿಟ್ಟಿವೆಯೇ ನೋಡಿ. ಸೆಲ್ ಹಾಕುವ ಜಾಗದಲ್ಲಿ ಹಸಿರು, ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ. ಪುಡಿ ಅಲ್ಲಿಗೇ ನಿಂತಿದ್ದರೆ ಉಜ್ಜಿ ಸರಿಮಾಡಬಹುದು, ಬೋರ್ಡಿನವರೆಗೆ ಹೋಗಿದ್ದರೆ ಬೇಡ. ನೀರಿನ ಮಾತಿನಲ್ಲಿ ಜನ ಮೋಸ ಹೋಗುತ್ತಾರೆ: ಏಸ್ 250ರ ಕಾಯಿಲನ್ನು ನೀರಲ್ಲಿ ಮುಳುಗಿಸಬಹುದು, ಮೇಲಿನ ಡಬ್ಬಕ್ಕೆ ಮಳೆಯೂ ಆಗದು.

ನಕಲಿಗಳ ಬಗ್ಗೆ ಒಂದು ಮಾತು. ಮೈನ್‌ಲ್ಯಾಬ್‌ನ ಜಿಪಿಎಕ್ಸ್ 5000ದಂಥ ದುಬಾರಿ ಚಿನ್ನ ಹುಡುಕುವ ಯಂತ್ರಗಳ ನಕಲಿ ಪ್ರಪಂಚದ ಎಷ್ಟೋ ಕಡೆ ಸಿಕ್ಕಿದೆ. ಸೀರಿಯಲ್ ನಂಬರನ್ನು ಕಂಪನಿಗೆ ಕಳಿಸಿ ಕೇಳಿದ ಮೇಲೆ ದುಡ್ಡು ಕೊಡಿ. ಇನ್ನು ಆಂಟೆನಾ ಕಡ್ಡಿ ಹಿಡಿದುಕೊಂಡು ಅರ್ಧ ಕಿಲೋಮೀಟರ್ ದೂರದ ಚಿನ್ನ ತೋರಿಸುವ ಡಬ್ಬಗಳು ಬರುತ್ತವೆ. ಒಳಗೆ ಏನೂ ಇರುವುದಿಲ್ಲ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯಿಂದ ಹುಟ್ಟಿದ ಇಂಥದ್ದೇ ಕಡ್ಡಿಯನ್ನು ಬಾಂಬ್ ಪತ್ತೆ ಯಂತ್ರ ಅಂತ ಇರಾಕ್‌ಗೆ ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ 10 ವರ್ಷ ಜೈಲಾಯಿತು. ಅಕ್ಕಿ ಎಳೆಯುತ್ತದೆ ಅಂತ ನಂಬಿಸುವ ರೈಸ್ ಪುಲ್ಲರ್ ಚೆಂಬಿನ ಹೆಸರಲ್ಲಿ ದುಡ್ಡು ಕಳಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡು ನೆಮ್ಮದಿಯಾಗಿರುವವರು ನಿಧಿ ಹುಡುಕುವವರಲ್ಲ. ಮೈಸೂರು ರಸ್ತೆ ಕಡೆಯ ಸಾಮಿಲ್‌ನವರಿಗೆ ದಿಮ್ಮಿಯೊಳಗಿನ ಮೊಳೆ ಗೊತ್ತಾದರೆ ಗರಗಸದ ಬ್ಲೇಡ್ ಉಳಿಯುತ್ತದೆ. ನೀರಿನ ಲೈನ್ ಕೆಲಸ ಮಾಡುವ ಕಂಟ್ರಾಕ್ಟರ್‌ಗೆ ಡಾಂಬರಿನ ಅಡಿ ಮುಚ್ಚಿಹೋದ ವಾಲ್ವ್ ಚೇಂಬರ್‌ನ ಬೀಡು ಕಬ್ಬಿಣದ ಮುಚ್ಚಳ ಸಿಗುತ್ತದೆ. ಇವರಿಗೆ ನಂಬರೂ ಬೇಡ, ಚಿನ್ನವೂ ಬೇಡ, ಬೀಪ್ ಅಂದರೆ ಸಾಕು, ಹಳೇ ಏಸ್ 250 ಇವರಿಗೆ ಸರಿಯಾಗಿ ಒಗ್ಗುತ್ತದೆ. ಸೈಟಿನ ಬಾಂದು ಕಲ್ಲು ಹುಡುಕಲು ಒಂದು ಡಿಟೆಕ್ಟರ್ ಕೊಡಿ ಅಂತಲೂ ಆಗಾಗ ಬರುತ್ತಾರೆ. ಕಲ್ಲು ಲೋಹವಲ್ಲ ಸ್ವಾಮಿ, ಅದಕ್ಕೆ ಸರ್ವೆಯವರನ್ನೇ ಕರೆಸಬೇಕು.