‘ಜ್ಞಾನದ ಮರ’: ಖಳನಿಲ್ಲದ ಕ್ರೌರ್ಯ

ಡೆನ್ಮಾರ್ಕಿನ ನಿಲ್ಸ್ ಮಾಲ್ಮ್ರೋಸ್ ನಿರ್ದೇಶಿಸಿದ ‘ಜ್ಞಾನದ ಮರ’ (1981) ಚಿತ್ರವನ್ನು ಅಭ್ಯಾಸ ಮಾಡುವಾಗ ನಾವು ಮೊದಲು ಖಳನನ್ನು ಹುಡುಕಲು ಹೊರಡುತ್ತೇವೆ; ದಾರಿ ತಪ್ಪುವುದು ಅಲ್ಲಿಯೇ. 1950ರ ದಶಕದ ಆರ್ಹುಸ್ ನಗರದ ಒಂದು ಶಾಲೆಯ ಒಂದೇ ತರಗತಿ ಇದರ ಲೋಕ. ಓರಗೆಯವರಿಗಿಂತ ಬೇಗ ಮೈತುಂಬಿಕೊಂಡ ಎಲಿನ್ ಮೊದಮೊದಲು ಎಲ್ಲರಿಗೂ ಬೇಕಾದವಳು. ಆದರೆ ಹುಡುಗರ ಕಣ್ಣು ಅವಳ ಮೇಲೆ ಬೀಳುತ್ತಿದ್ದಂತೆ ಗುಸುಗುಸು ಹುಟ್ಟಿಕೊಳ್ಳುತ್ತದೆ, ಗೆಳತಿಯರು ಮುಖ ತಿರುಗಿಸುತ್ತಾರೆ, ಕಡೆಗೆ ಇಡೀ ಗುಂಪು ಅವಳನ್ನು ಹೊರಗಿಡುತ್ತದೆ. ಅವಳ ತಪ್ಪು ಏನೆಂದು ಕೇಳಿದರೆ, ದೇಹ ಬೆಳೆದದ್ದು ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ.

ಇಂತಹ ಬಹಿಷ್ಕಾರ ಇಷ್ಟು ಪರಿಣಾಮಕಾರಿಯಾಗಲು ಶಾಲೆಯ ರಚನೆಯೂ ಒಂದು ಕಾರಣವೆಂದು ನನಗೆ ತೋರುತ್ತದೆ. 1903ರ ಕಾನೂನಿನಿಂದ ಬಂದು 1958ರ ಸುಧಾರಣೆಯವರೆಗೆ ಉಳಿದಿದ್ದ ಡ್ಯಾನಿಶ್ ಮಾಧ್ಯಮಿಕ ಶಾಲೆಯಲ್ಲಿ, ಪ್ರಾಥಮಿಕ ಹಂತದ ಕೊನೆಗೆ ಆಯ್ಕೆಯಾದ ಮಕ್ಕಳು ನಾಲ್ಕು ವರ್ಷ ಒಟ್ಟಿಗೆ ಕಲಿಯಬೇಕಿತ್ತು. ಹದಿಹರೆಯದ ಅತ್ಯಂತ ನಾಜೂಕಿನ ವರ್ಷಗಳು ಅದೇ ಮುಖಗಳ ನಡುವೆ ಕಳೆಯುವಾಗ, ಒಮ್ಮೆ ಅಂಟಿದ ಹೆಸರು ಸುಲಭವಾಗಿ ತೊಳೆದುಹೋಗುವುದಿಲ್ಲ.

ಚಿತ್ರದ ತಂತ್ರದಲ್ಲಿ ನಾವು ನಿಧಾನವಾಗಿ ನಿಂತು ನೋಡಬೇಕಾದದ್ದು ಚಿತ್ರೀಕರಣದ ಅವಧಿ. ಅದು ಸುಮಾರು ಎರಡು ವರ್ಷ ನಡೆದದ್ದರಿಂದ, ಮಕ್ಕಳ ಎತ್ತರ, ಮುಖಚರ್ಯೆ, ನಡಿಗೆ ಎಲ್ಲವೂ ನಿಜವಾಗಿಯೇ ಬದಲಾದವು. ಪ್ರಸಾಧನದಿಂದ ತೋರಿಸಲಾಗದ ಬೆಳವಣಿಗೆ ಇಲ್ಲಿ ಕಥೆಯ ವಸ್ತುವೇ ಆಗಿದೆ. ಮಾಲ್ಮ್ರೋಸ್ ವೈದ್ಯಶಾಸ್ತ್ರವನ್ನೂ ಓದಿದವರು. ಅವರ ತಣ್ಣನೆಯ ನೋಟಕ್ಕೆ ಅದೇ ಮೂಲವೆಂದು ಬರೆದುಬಿಡುವ ಆಸೆ ನನಗೂ ಆಯಿತು. ಆದರೆ ಅದು ತೀರ ಸುಲಭದ ವಿವರಣೆ, ಮೇಲಾಗಿ ಎಲಿನ್‌ಳ ಬಗೆಗಿನ ಮರುಕ ಆ ನೋಟದಲ್ಲಿ ಎಲ್ಲಿಯೂ ಆರುವುದಿಲ್ಲ.

ಶೀರ್ಷಿಕೆ ಬೈಬಲಿನ ಏದೆನ್ ತೋಟವನ್ನು ನೆನಪಿಸುತ್ತದೆಂಬುದು ಸ್ಪಷ್ಟ. ಅಲ್ಲಿ ಜ್ಞಾನದ ಮರದ ನಿಷೇಧಿತ ಹಣ್ಣು ತಿಂದ ಆದಾಮ, ಹವ್ವ ಇಬ್ಬರೂ ತೋಟದಿಂದ ಹೊರಬೀಳುತ್ತಾರೆ. ಇಲ್ಲಿ ಆ ರುಚಿ ಎಲ್ಲರಿಗೂ ಹತ್ತಿದ್ದರೂ ಹೊರಬೀಳುವವಳು ಒಬ್ಬಳೇ. ಚಿತ್ರವು 2006ರ ಡ್ಯಾನಿಶ್ ಸಾಂಸ್ಕೃತಿಕ ಶ್ರೇಷ್ಠಕೃತಿಗಳ ಪಟ್ಟಿಯಲ್ಲಿ ಸೇರಿತು.

ಈ ಚಿತ್ರದ ಬಗ್ಗೆ ಬರೆಯುವವರು ಪದಬಳಕೆಯಲ್ಲಿ ಒಂದು ಎಚ್ಚರ ವಹಿಸಬೇಕು. ಗುಂಪುಗೂಡಿ ಒಬ್ಬರನ್ನು ಪೀಡಿಸುವುದಕ್ಕೆ ‘ಮಾಬಿಂಗ್’ ಎಂಬ ಹೆಸರನ್ನು ಸ್ವೀಡನ್ನಿನ ವೈದ್ಯ ಪೇಟರ್ ಪೌಲ್ ಹೈನೆಮಾನ್ ಬಳಕೆಗೆ ತಂದದ್ದು 1969ರ ಸುಮಾರಿಗೆ. 1981ರ ಪ್ರೇಕ್ಷಕರಿಗೆ ಲಭ್ಯವಿದ್ದ ಆ ಪದ 1950ರ ದಶಕದ ಆ ತರಗತಿಗಾಗಲಿ, ಅದರ ಶಿಕ್ಷಕರಿಗಾಗಲಿ ದೊರೆತಿರಲಿಲ್ಲ. ಆದ್ದರಿಂದ ಅದನ್ನು ನೋಡುಗರ ಪದವಾಗಿಯೇ ಬಳಸಬೇಕು, ಪಾತ್ರಗಳ ಅರಿವಿಗೆ ಆರೋಪಿಸಬಾರದು.