ಮೊದಲು ಒಂದು ಪೈಪು ಹಳೆಯದಾಗಲಿ

ಹೋದ ವರ್ಷ ಒಬ್ಬರು ಷೂ ಡಬ್ಬದಲ್ಲಿ ತಂಬಾಕು ಸೇದುವ ಹನ್ನೊಂದು ಪೈಪು ತಂದು ನನ್ನ ಮೇಜಿನ ಮೇಲಿಟ್ಟರು. "ಯಾವುದೂ ಸರಿಯಾಗಿ ಸೇದಕ್ಕಾಗಲ್ಲ ಸರ್. ಎಲ್ಲಾ ಒಂದ್ಸಲ ನೋಡಿಬಿಡಿ" ಅಂದರು. ಒಂದೊಂದನ್ನೇ ಎತ್ತಿಕೊಂಡು, ತಂಬಾಕು ತುಂಬುವ ಬಟ್ಟಲಿನೊಳಗೆ ಸಣ್ಣ ಟಾರ್ಚ್ ಬಿಟ್ಟು ನೋಡಿದೆ. ಒಂಬತ್ತು ಪೈಪುಗಳ ಒಳಗೋಡೆಯಲ್ಲಿ ಮರದ ಬಣ್ಣ ಇನ್ನೂ ಕಾಣುತ್ತಿತ್ತು. ಅಲ್ಲಲ್ಲಿ ಬೆರಳಲ್ಲಿ ಮಸಿ ಸವರಿದ ಹಾಗೆ ಕಪ್ಪು, ಅಷ್ಟೇ. ಗಾಳಿಯ ದಾರಿ ಬಟ್ಟಲಿನ ತಳಕ್ಕೇ ಬಂದು ಸೇರಿತ್ತು. ಮೌತ್‌ಪೀಸ್ ಬಿಗಿಯಾಗಿ ಕೂತಿತ್ತು. ರಿಪೇರಿಗೆ ಅಲ್ಲಿ ಏನೂ ಇರಲಿಲ್ಲ.

"ಇವುಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?" ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ಡಬ್ಬವನ್ನೇ ನೋಡಿದರು. "ಅದು ಇನ್ನೂ ಬಂದಿಲ್ಲ ಸರ್. ಆರ್ಡರ್ ಮಾಡಿದ್ದೀನಿ."

ಪೈಪು ರಿಪೇರಿ ಮಾಡಿಯೇ ಊಟ ಮಾಡುವವನು ನಾನು. ಜನ ಕಡಿಮೆ ಪೈಪು ಕೊಳ್ಳಲಿ ಅಂತ ಬರೆಯುವುದು ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡ ಹಾಗೆ. ಆದರೂ ವಾರಕ್ಕೊಮ್ಮೆಯಾದರೂ ಇಂಥ ಒಂದು ಡಬ್ಬ ಬಂದೇ ಬರುತ್ತದೆ. ಚೆಂದಕ್ಕೆ ಕೂಡಿಡುವ ಸಂಗ್ರಹಕಾರರ ಮೇಲೆ ನನಗೆ ದೂರಿಲ್ಲ. ಅವರಿಗೆ ತಾವೇನು ಮಾಡುತ್ತಿದ್ದೇವೆ ಅಂತ ಗೊತ್ತು. ನಾನು ಹೇಳುತ್ತಿರುವುದು ಒಳ್ಳೆಯ ಪೈಪು ಹುಡುಕುತ್ತಾ ಹುಡುಕುತ್ತಾ ಡಬ್ಬ ತುಂಬಿಸಿಕೊಂಡವರ ವಿಷಯ.

ಇವರೆಲ್ಲ ಹೇಳುವ ಕಾರಣ ಒಂದೇ. "ಪೈಪಿಗೆ ವಿಶ್ರಾಂತಿ ಬೇಕಲ್ವಾ?" ಬೇಕು, ಸುಳ್ಳಲ್ಲ. ಸೇದಿದ ಮೇಲೆ ಮರ ತೇವವಾಗಿರುತ್ತದೆ, ಒಣಗಬೇಕು. ಹಿಂದೆ ವಾರದ ಏಳು ದಿನಕ್ಕೆ ಏಳು ಪೈಪು ಅಂತ ಪೆಟ್ಟಿಗೆ ಮಾಡಿ ಮಾರುತ್ತಿದ್ದರು. ಆದರೆ ಒಂದು ಸಲ ಸೇದಿದ ಪೈಪಿಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಬಿಡುವು ಕೊಟ್ಟರೆ ಸಾಕು ಅನ್ನುವುದು ನನ್ನ ಅನುಭವ. ಬೇರೆಯವರು ಬೇರೆ ಹೇಳಬಹುದು. ಐದು ವಾರ ಬೇಕು ಅಂತ ಮಾತ್ರ ಯಾರೂ ಹೇಳಲಾರರು. ಡಬ್ಬದವರ ಪೈಪುಗಳಿಗೆ ಸಿಗುತ್ತಿದ್ದದ್ದು ಅಷ್ಟು ರಜೆ.

ಹೇಗೆ ಅಂತೀರಾ? ಈ ಲೆಕ್ಕವನ್ನು ನಾನು ಎಷ್ಟು ಸಲ ಕಾಗದದ ಮೇಲೆ ಬರೆದು ತೋರಿಸಿದ್ದೇನೋ. ಇನ್ನೊಂದು ಸಲ ಬರೆಯುತ್ತೇನೆ.

ಹೊಸ ಬ್ರಯರ್ ಪೈಪು ಮೊದಲ ದಿನವೇ ರುಚಿ ಕೊಡುವುದಿಲ್ಲ. ಬ್ರಯರ್ ಅಂದರೆ ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಗಿಡದ ಬುಡದ ಗಂಟು. ಅದನ್ನು ಕತ್ತರಿಸಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೊರೆಯುತ್ತಾರೆ. ಇಷ್ಟೆಲ್ಲ ಮಾಡಿದರೂ ಅದು ಮರವೇ. ಬೆಂಕಿ ತಗುಲಿದಾಗ ಮರದ ವಾಸನೆ ಬರುತ್ತದೆ, ಬೇಗ ಬಿಸಿಯಾಗುತ್ತದೆ. ಸೇದುತ್ತಾ ಸೇದುತ್ತಾ ಒಳಗೋಡೆಗೆ ಇದ್ದಿಲಿನ ತೆಳು ಪದರ ಕೂರುತ್ತದೆ. ನಾವು ಅದನ್ನು ಕೇಕ್ ಅನ್ನುತ್ತೇವೆ. ಆ ಪದರ ಒಂದು ನಾಣ್ಯದಷ್ಟು ದಪ್ಪ ಬಂದ ಮೇಲೆ ಪೈಪು ಬೇರೆಯೇ ಆಗುತ್ತದೆ. ಬಿಸಿ ಕೈಗೆ ಹತ್ತುವುದಿಲ್ಲ, ತಂಬಾಕಿನ ರುಚಿ ಮಾತ್ರ ಬರುತ್ತದೆ. (ಅದಕ್ಕಿಂತ ದಪ್ಪವಾಗಲು ಬಿಡಬೇಡಿ. ಕಾದಾಗ ಇದ್ದಿಲೂ ಮರವೂ ಒಂದೇ ಥರ ಹಿಗ್ಗುವುದಿಲ್ಲ, ಬಟ್ಟಲು ಬಿರಿಯುತ್ತದೆ. ಅದು ಇನ್ನೊಂದು ದಿನದ ಜಗಳ.)

ಪದರ ಕೂರಲು ಎಷ್ಟು ಸಲ ಸೇದಬೇಕು? 20 ಅನ್ನುವವರಿದ್ದಾರೆ, 50 ಅನ್ನುವವರೂ ಇದ್ದಾರೆ. ಲೆಕ್ಕಕ್ಕೆ 25 ಅಂತಲೇ ಇಟ್ಟುಕೊಳ್ಳಿ. ನಮ್ಮ ಡಬ್ಬದವರು ಸೇದುವುದು ವಾರಕ್ಕೆ ಎರಡೇ ಸಲ, ಶನಿವಾರ ಒಂದು, ಭಾನುವಾರ ಒಂದು. ವರ್ಷಕ್ಕೆ 104. ಹನ್ನೊಂದು ಪೈಪಿಗೆ ಹಂಚಿದರೆ ಒಂದಕ್ಕೆ ಸಿಗುವುದು ಒಂಬತ್ತು ಸಲ. 25 ಆಗಬೇಕಾದರೆ ಎರಡೂವರೆ ವರ್ಷ ದಾಟುತ್ತದೆ. ಅಷ್ಟು ದಿನ ಹನ್ನೊಂದೂ ಪೈಪು ಹಸಿಯೇ. ಇವರು ಸೇದಿದ್ದೆಲ್ಲ ಪೈಪಿನ ಕೆಟ್ಟ ದಿನಗಳನ್ನು ಮಾತ್ರ. ಯಾವುದೂ ರುಚಿ ಕೊಡುತ್ತಿಲ್ಲ, ಹಾಗಾಗಿ ಇನ್ನೊಂದು ಕೊಳ್ಳುತ್ತಾರೆ. ಹದಿನಾರಾದರೆ ಒಂದೊಂದರ ಪಾಲು ವರ್ಷಕ್ಕೆ ಆರಕ್ಕಿಳಿಯುತ್ತದೆ. ಕೊಂಡಷ್ಟೂ ಒಳ್ಳೆಯ ಪೈಪು ದೂರ ಹೋಗುತ್ತದೆ! ಅದೇ ಮನುಷ್ಯ ಒಂದೇ ಪೈಪು ಹಿಡಿದಿದ್ದರೆ ಮೂರು ತಿಂಗಳಲ್ಲಿ ಕೆಲಸ ಮುಗಿಯುತ್ತಿತ್ತು.

ಇಷ್ಟು ಹೇಳಿ ಪೆನ್ನು ಕೆಳಗಿಟ್ಟರೆ ಎದುರಿಗಿದ್ದವರು ತಲೆಯಾಡಿಸುತ್ತಾರೆ. ಆಮೇಲೆ, "ಸರಿ ಸರ್, ಆದ್ರೆ ಇದು ಗುಳುಗುಳು ಅನ್ನುತ್ತಲ್ಲ? ಅದು ಪೈಪಿನ ದೋಷ ಅಲ್ವಾ?" ಅಂತ ಕೇಳುತ್ತಾರೆ.

ಕೆಲವು ಪೈಪುಗಳಲ್ಲಿ ಕೊರೆತ ತಪ್ಪಿರುತ್ತದೆ, ಇಲ್ಲ ಅನ್ನುವುದಿಲ್ಲ. ಬಹುಪಾಲು ದೋಷ ಉಸಿರಿನದ್ದು. ಎಲೆ ಎಷ್ಟೇ ಒಣಗಿದ್ದರೂ ಉರಿದಾಗ ನೀರಾವಿ ಹುಟ್ಟುತ್ತದೆ. ಡಬ್ಬಿಯಿಂದ ತೆಗೆದ ತಂಬಾಕಿನಲ್ಲಂತೂ ಮೊದಲೇ ತೇವ ಇರುತ್ತದೆ. ಆ ಆವಿ ತಣ್ಣಗಿರುವ ಕೊಳವೆಗೆ ಬಂದು ನೀರಾಗಿ ನಿಲ್ಲುತ್ತದೆ. ಜೋರಾಗಿ ಎಳೆದಷ್ಟೂ ಉರಿ ಜಾಸ್ತಿ, ಆವಿ ಜಾಸ್ತಿ, ನಾಲಿಗೆಗೆ ಸುಡುವುದೂ ಜಾಸ್ತಿ. ತಂಬಾಕನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ಹರಡಿ ಆರಲು ಬಿಡಿ. ಬಿಸಿ ಕಾಫಿ ಗುಟುಕರಿಸುವ ಹಾಗೆ ಎಳೆಯಿರಿ. ಗುಳುಗುಳು ಅಂದರೆ ಪೈಪ್ ಕ್ಲೀನರ್ ಒಂದನ್ನು ತೂರಿಸಿ ತೆಗೆಯಿರಿ, ಡಿಕಾಕ್ಷನ್ ಬಣ್ಣದ ನೀರು ಅಂಟಿಕೊಂಡು ಬರುತ್ತದೆ. ಬಿಸಿ ಇರುವಾಗ ಮೌತ್‌ಪೀಸ್ ಮಾತ್ರ ಕೀಳಬೇಡಿ. ಹಾಗೆ ಕಿತ್ತು ಮುರಿದುಕೊಂಡವರಿಂದಲೇ ನನ್ನ ಅರ್ಧ ಸಂಸಾರ ನಡೆಯುತ್ತಿದೆ.

ಎರಡನೆಯ ಪೈಪಿಗೆ ನ್ಯಾಯವಾದ ಕಾರಣ ಇಲ್ಲವೇ ಇಲ್ಲ ಅಂತಲ್ಲ. ಲಟಾಕಿಯಾ ತಂಬಾಕಿಗೆ ಸೌದೆ ಹೊಗೆ ಹಿಡಿಸಿರುತ್ತಾರೆ. ಅದನ್ನು ಸೇದಿದ ಪೈಪಿನಲ್ಲಿ ಮಾರನೆಯ ದಿನ ವರ್ಜೀನಿಯಾ ತಂಬಾಕು ಹಾಕಿದರೆ ಹಳೆಯ ವಾಸನೆ ಎದ್ದು ಬರುತ್ತದೆ. ಅದಕ್ಕೊಂದು ಇದಕ್ಕೊಂದು ಇರಲಿ. ದಿನಾ ಸೇದುವವರಿಗೆ ಇನ್ನೊಂದೆರಡು ಬೇಕಾಗಬಹುದು. ನಾಲ್ಕೈದು ದಾಟಿದರೆ ನಾನು ಹುಬ್ಬೇರಿಸುತ್ತೇನೆ. ಮರದ ಗೆರೆ ನೆಟ್ಟಗಿರುವ ಪೈಪಿಗೆ ಬೆಲೆ ಜಾಸ್ತಿ, ನೋಡಲು ಚೆಂದ. ಆದರೆ ಗೆರೆ ನೆಟ್ಟಗಿದ್ದ ಮಾತ್ರಕ್ಕೆ ರುಚಿ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು, ಸೇದದೆ ಇಟ್ಟ ಪೈಪು ಸುಮ್ನೆ ಕೂತಿರುತ್ತದೆ ಅಂದುಕೊಳ್ಳಬೇಡಿ. ಬಹಳಷ್ಟು ಮೌತ್‌ಪೀಸ್ ಎಬೊನೈಟಿನದ್ದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರಿನದ್ದು. ಬೆಳಕಿಗೆ ಇಟ್ಟರೆ ಆ ಮೌತ್‌ಪೀಸಿನ ಕಪ್ಪು ಹೋಗಿ, ಹಸಿರೋ ಕಂದೋ ಹೇಳಲಾಗದ ಬಣ್ಣ ಬರುತ್ತದೆ. ಬಾಯಿಗಿಟ್ಟರೆ ಬೆಂಕಿಕಡ್ಡಿ ನೆಕ್ಕಿದ ಹಾಗಿರುತ್ತದೆ. ಕಿಟಕಿ ಪಕ್ಕ ಸ್ಟ್ಯಾಂಡಿನಲ್ಲಿ ಸಾಲಾಗಿ ಜೋಡಿಸಿಟ್ಟವರದ್ದೇ ಮೊದಲು ಹಾಳಾಗುವುದು. ಅದನ್ನು ಉಜ್ಜಿ ಉಜ್ಜಿ ಕಪ್ಪು ಮಾಡುವಾಗ ನನಗೆ ಬರುವ ಸಿಟ್ಟು ನನಗೇ ಗೊತ್ತು. ಐನ್‌ಸ್ಟೈನ್ ಸೇದುತ್ತಿದ್ದ ಒಂದು ಪೈಪು ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಕಚ್ಚಿ ಕಚ್ಚಿ ಅದರ ಮೌತ್‌ಪೀಸ್ ಸವೆದಿದೆ. ಅಂಥದ್ದು ರಿಪೇರಿಗೆ ಬಂದರೆ ನನಗೆ ಸಂತೋಷ. ಹಲ್ಲಿನ ಗುರುತಿದ್ದರೆ ಆ ಪೈಪಿಗೆ ಒಬ್ಬ ಯಜಮಾನ ಇದ್ದಾನೆ ಅಂತ ಅರ್ಥ.

ಆರೋಗ್ಯದ ಮಾತು ನನ್ನ ಕಸುಬಲ್ಲ. ಆದರೂ ಹೇಳದಿದ್ದರೆ ತಪ್ಪಾಗುತ್ತದೆ. ಹೊಗೆ ಒಳಗೆಳೆಯದಿದ್ದರೂ ಪೈಪಿನಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಬರುತ್ತದೆ. ಪೈಪು ಒಂದಿರಲಿ, ಹನ್ನೊಂದಿರಲಿ. ನನ್ನ ಗಿರಾಕಿಯೊಬ್ಬರು ಡಾಕ್ಟರ್ ಮಾತು ಕೇಳಿ ಸೇದುವುದನ್ನು ಪೂರ್ತಿ ಬಿಟ್ಟರು. ಕೊಳ್ಳುವುದನ್ನು ಬಿಡಲಿಲ್ಲ. ಸಂಜೆ ಹೊತ್ತು ಒಂದನ್ನು ಕೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಬಟ್ಟಲು ಸವರುತ್ತಾ ಕೂರುತ್ತಾರಂತೆ. ಅವರನ್ನು ನೋಡಿಯೇ ನನಗೆ ಒಂದು ವಿಷಯ ಹೊಳೆದದ್ದು. ಒಂದು ಪೈಪು ನಿಧಾನವಾಗಿ ಸೇದಲು ಗಂಟೆ ಬೇಕು, ಕೊಳ್ಳಲು ಒಂದು ನಿಮಿಷ ಸಾಕು. ದಿನವಿಡೀ ದುಡಿಯುವವರಿಗೆ ಆ ಗಂಟೆ ಸಿಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಪೈಪು ನೋಡುತ್ತಾ, ಅದನ್ನು ಹಿಡಿದು ಕುರ್ಚಿಯಲ್ಲಿ ಒರಗಿರುವ ತಮ್ಮನ್ನೂ ನೋಡುತ್ತಾರೆ. ಮನೆಗೆ ಬರುವುದು ಪೈಪು ಮಾತ್ರ, ಆ ಗಂಟೆ ಬರುವುದಿಲ್ಲ. ಬೈಯಲು ಮನಸ್ಸು ಬರುವುದಿಲ್ಲ. ನನ್ನ ಕಪಾಟಿನಲ್ಲೂ ಅರವತ್ತಕ್ಕೆ ಕಮ್ಮಿ ಇಲ್ಲ. ಇದು ನನ್ನ ಹೆಂಡತಿಗೆ ಗೊತ್ತಿರುವ ಸಂಖ್ಯೆ.

ಡಬ್ಬದವರಿಗೆ ನಾನು ಹೇಳಿದ್ದು ಇಷ್ಟೇ. ಒಂದನ್ನು ಆರಿಸಿಕೊಳ್ಳಿ, ಹತ್ತನ್ನು ಅಟ್ಟದ ಮೇಲಿಡಿ, ನಾಲ್ಕು ತಿಂಗಳು ಬಿಟ್ಟು ಬನ್ನಿ. ದುಡ್ಡು ತೆಗೆದುಕೊಳ್ಳಲಿಲ್ಲ. ತಿರುಗಿ ಬರುತ್ತಾರೆ ಅಂತಲೂ ಅಂದುಕೊಂಡಿರಲಿಲ್ಲ.

ಬಂದರು. ಡಬ್ಬ ಇರಲಿಲ್ಲ. ಜೇಬಿನಿಂದ ಬಿಲಿಯರ್ಡ್ ಅನ್ನುವ ಆಕಾರದ, ಸಣ್ಣದೊಂದು ನೆಟ್ಟನೆಯ ಪೈಪು ತೆಗೆದು ಕೊಟ್ಟರು. ಟಾರ್ಚ್ ಬಿಟ್ಟೆ. ಮೇಲಿನಿಂದ ತಳದವರೆಗೂ ಒಂದೇ ಸಮ ಕಪ್ಪು. ಕ್ಲೀನರ್ ತೂರಿಸಿದರೆ ಒಣಗಿಯೇ ಹೊರಗೆ ಬಂತು. ಮೌತ್‌ಪೀಸಿನ ಎಡಗಡೆ ಎರಡು ಹಲ್ಲಿನ ಗುರುತು. "ಇದನ್ನ ಇನ್ನು ಬಿಡಲ್ಲ ಸರ್" ಅಂದರು. ನನಗೂ ಖುಷಿಯಾಯಿತು.

ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು. "ಸರ್, ಅಕಸ್ಮಾತ್ ಇದು ಒಡೆದುಹೋದ್ರೆ? ಇಂಥದ್ದೇ ಇನ್ನೊಂದು ಸಿಗುತ್ತಾ, ಸುಮ್ನೆ ಇರಲಿ ಅಂತ?"

ಅದನ್ನು ಮಾಡಿದ ಕಂಪನಿ ಆ ಮಾದರಿಯನ್ನು ನಿಲ್ಲಿಸಿ ಬಹಳ ವರ್ಷವಾಯಿತು, ಸಿಗುವುದು ಕಷ್ಟ ಅಂದೆ. ಅದು ನಿಜ. ನನ್ನ ಕಪಾಟಿನಲ್ಲಿ ಅಂಥವು ಎರಡಿವೆ ಅನ್ನುವುದನ್ನು ಹೇಳಲಿಲ್ಲ.